ಬಂದವರ ಕಡೆಗೊಂದು ಪರದೆ

ಅಕ್ಕಲಕೋಟೆಯಲ್ಲಿರುವ ನನ್ನ ಸೋದರತ್ತೆಯ ಕಂಪ್ಯೂಟರು ಈ ಬೇಸಿಗೆಯಲ್ಲಿ, ವಿಧವೆಯೊಬ್ಬಳ ಪಿಂಚಣಿ ಅರ್ಜಿಯ ಒಂಬತ್ತನೆಯ ಅಂಕಣವನ್ನು ತುಂಬುತ್ತಿರುವಾಗ, ಆರಿಹೋಯಿತು. ಕರೆಂಟು ಹೋಗಿರಲಿಲ್ಲ, ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇತ್ತಂತೆ. ಅತ್ತೆ ಗುಂಡಿ ಒತ್ತಿದಳು. ಪೆಟ್ಟಿಗೆ ಒಮ್ಮೆ ಗುರುಗುಟ್ಟಿ, ಎರಡು ನಿಮಿಷ ಬೆಳಗಿ, ಮತ್ತೆ ಆರಿತು. ಹೀಗೆ ನಾಲ್ಕು ಸಲವಾದ ಮೇಲೆ ಅವಳು ಆ ಹೆಂಗಸಿನ ಕಾಗದಗಳನ್ನು ಜೋಡಿಸಿ ಅವಳ ಕೈಗೇ ಕೊಟ್ಟು ಕಳಿಸಿ, ಸೊಲ್ಲಾಪುರದಲ್ಲಿದ್ದ ನನಗೆ ಫೋನು ಮಾಡಿದಳು.

"ಮಷಿನ್ ಕೈ ಬಿಡ್ತು ಅವ್ವಿ. ಜೂನದಾಗ ಹುಡಿಗ್ಯಾರ ಹಾಸ್ಟೆಲಿನ ಅರ್ಜ ಚಾಲೂ ಆಗ್ತಾವ. ತಡವಳದವ್ರಿಗಿ ಬರ್ರಿ ಅಂತ ಮಾತ ಕೊಟ್ಟ ಕುಂತೀನಿ."

ಅತ್ತೆ ಹುಟ್ಟಿದ್ದು ತಡವಳದಲ್ಲಿ, ಕುರಿ ಸಾಕುವ ಮನೆಯಲ್ಲಿ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆ. ಮರಾಠಿಯನ್ನು ಅವಳು ಕಲಿತದ್ದು ಮದುವೆಯಾಗಿ ಅಕ್ಕಲಕೋಟೆಗೆ ಬಂದ ಮೇಲೆ, ಅಂಗಡಿಯ ಬೋರ್ಡುಗಳಿಂದ, ಬಸ್ಸಿನ ಹಣೆಯ ಮೇಲಿನ ಫಲಕಗಳಿಂದ. ಕಂಪ್ಯೂಟರು ಆ ಮನೆಗೆ ಬಂದದ್ದು ಅವಳಿಗಾಗಿ ಅಲ್ಲ, ಅವಳ ಮಗನ ಕಾಲೇಜಿಗಾಗಿ. ಮಗನ ಓದು ಮುಗಿದ ವರ್ಷವೇ ಮಾವ ತೀರಿಕೊಂಡರು. ಮರುವರ್ಷ, ಯಾರೂ ಮುಟ್ಟದ ಆ ಯಂತ್ರದ ಮುಂದೆ ಅತ್ತೆ ಹೋಗಿ ಕುಳಿತಳು. ಆಗ ಅವಳಿಗೆ ಐವತ್ತು ದಾಟಿತ್ತು. ಮೊದಲು ತನ್ನ ಪಿಂಚಣಿಯ ಅರ್ಜಿ, ಆಮೇಲೆ ಪಕ್ಕದ ಮನೆಯವಳ ರೇಷನ್ ಕಾರ್ಡು, ಆಮೇಲೆ ತಡವಳ, ಭಂಡಾರಕವಠೆ, ಎಲ್ಲೆಲ್ಲಿಂದಲೋ ಬಸ್ಸಿಳಿದು ಕೇಳುತ್ತ ಬರುವ ಹೆಂಗಸರು. ಹನ್ನೆರಡು ವರ್ಷಗಳಿಂದ ಅವಳ ಪಡಸಾಲೆಯಲ್ಲಿ ಬೆಳಗಿನ ಹೊತ್ತು ಯಾರಾದರೊಬ್ಬರು ಕಾಗದದ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತೇ ಇರುತ್ತಾರೆ.

ಅವಳ ಕೆಲಸದ ಕ್ರಮವನ್ನು ನಾನು ಎಷ್ಟು ಸಲ ನೋಡಿದ್ದರೂ ನನಗೆ ಬೇಸರವಾಗಿಲ್ಲ. ಅರ್ಜಿ ಮರಾಠಿಯಲ್ಲಿರುತ್ತದೆ, ಇಲ್ಲವೆ ಇಂಗ್ಲಿಷಿನಲ್ಲಿ. ಅತ್ತೆ ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಕೇಳುತ್ತಾಳೆ; ಉತ್ತರವನ್ನು ಎರಡು ಬೆರಳುಗಳಲ್ಲಿ ಬೆರಳಚ್ಚಿಸುತ್ತಾಳೆ. ಕೀಲಿಗಳ ಮೇಲಿನ ಅಕ್ಷರಗಳು ಸವೆದುಹೋದಾಗ ಅವನ್ನು ಸೊಸೆಯ ಕೆಂಪು ಉಗುರುಬಣ್ಣದಲ್ಲಿ ತಾನೇ ಮತ್ತೆ ಬರೆದುಕೊಂಡಿದ್ದಾಳೆ. ಒಂದು ಪುಟ ಮುಗಿದೊಡನೆ ಮಾನಿಟರಿನ ಎರಡೂ ಬದಿ ಹಿಡಿದು ಅದನ್ನು ಬಂದವರ ಕಡೆಗೆ ತಿರುಗಿಸುತ್ತಾಳೆ. "ನೋಡ್ರಿ. ನೀವ ಹೇಳಿದ್ದು ಇದ ಏನು?" ಓದಲು ಬಾರದವರಿಗೆ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿ ಹೇಳುತ್ತಾಳೆ. ಅರ್ಜಿ ಹೋದ ಮೇಲೆ ಅವರ ಗುರುತಿನ ಚೀಟಿಯ ಪ್ರತಿಯನ್ನು ಅವರೆದುರಿಗೇ ಅಳಿಸುತ್ತಾಳೆ. ಇಷ್ಟು ವರ್ಷ ಹೀಗೆ ತಿರುಗಿ ತಿರುಗಿ ಮಾನಿಟರಿನ ಕತ್ತು ಸಡಿಲವಾಗಿ, ಅದನ್ನು ಹಳೆಯ ಸೀರೆಯ ಅಂಚಿನಿಂದ ಬಿಗಿದು ಕಟ್ಟಬೇಕಾಗಿತ್ತು.

ಇಲ್ಲಿಯ ಅನ್ಯಾಯಗಳನ್ನು ಹೆಸರಿಟ್ಟು ಹೇಳಬೇಕು. ಮನೆಯಲ್ಲಿ, ಹೊಲದಲ್ಲಿ ಕನ್ನಡವನ್ನಷ್ಟೇ ಆಡುವ ಸಾವಿರಾರು ಹೆಂಗಸರು ಈ ತಾಲೂಕಿನಲ್ಲಿದ್ದಾರೆಂಬುದು ಆಡಳಿತಕ್ಕೆ ಗೊತ್ತಿದ್ದರೂ, ಅವರ ಬದುಕನ್ನು ನಿರ್ಧರಿಸುವ ಅರ್ಜಿಗಳು ಅವರ ಭಾಷೆಯಲ್ಲಿ ಇಲ್ಲ. ಅರ್ಜಿಗಳನ್ನು ಕಾಗದದಿಂದ ಪರದೆಗೆ ಸಾಗಿಸಿದವರು, ಆ ಪರದೆ ಯಾರ ಕಡೆಗೆ ಮುಖ ಮಾಡಿರಬೇಕೆಂದು ಯೋಚಿಸಲಿಲ್ಲ. ಇದು ಕೇವಲ ಅನಾನುಕೂಲವಲ್ಲ; ಹಕ್ಕಿನ ನಿರಾಕರಣೆ. ನಾನು ಸೊಲ್ಲಾಪುರದಲ್ಲಿ ಮಹಿಳಾ ಕಾರ್ಮಿಕರ ನಡುವೆ ಕೆಲಸ ಮಾಡುವವಳು; ಇದೇ ಮಾತನ್ನು ಸಭೆಗಳಲ್ಲಿ, ನಿವೇದನೆಗಳಲ್ಲಿ ಹಲವು ಸಲ ಹೇಳಿದ್ದೇನೆ. ಅತ್ತೆ ಯಾವ ಸಭೆಯಲ್ಲೂ ಮಾತಾಡಿದವಳಲ್ಲ. ಅವಳು ಮಾನಿಟರು ತಿರುಗಿಸುತ್ತಿದ್ದಳು.

ಯಂತ್ರ ಆರಿದ ನಾಲ್ಕು ದಿನಕ್ಕೆ ನಾನು ಅಕ್ಕಲಕೋಟೆಗೆ ಹೋದೆ. ಅತ್ತೆಯ ಮಗ ಆ ಹೊತ್ತಿಗಾಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಅವನದು ಸೊಲ್ಲಾಪುರದಲ್ಲಿ ಸಿದ್ಧ ಉಡುಪಿನ ಅಂಗಡಿ. ದಿನವೂ ಹೋಗಿ ಬರುತ್ತಾನೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ನಾನು ಅವನನ್ನು ಮಾಮಾ ಎನ್ನುತ್ತೇನೆ. ಅವನು ನನ್ನನ್ನು ಚಿಕ್ಕಂದಿನಿಂದಲೂ ಲೀಡರ್ ಬಾಯಿ ಎಂದೇ ಕರೆಯುತ್ತಾನೆ.

"ಬಂದ್ರಪಾ ಲೀಡರ್ ಬಾಯಿ. ಈಗ ಮೋರ್ಚಾ ಯಾರ ಮ್ಯಾಲ?" ಎಂದ. "ಹೇಳ ನಿಮ್ಮತ್ತಿಗಿ. ಛಲೋ ಲ್ಯಾಪ್‌ಟಾಪ್ ಕೊಡಸ್ತೀನಿ ಅಂದ್ರ ಒಲ್ಲೆ ಅಂತಾಳ. ತೊಡಿ ಮ್ಯಾಲ ಇಟ್ಗೊಂಡ ಎಲ್ಲಿ ಬೇಕಾದಲ್ಲಿ ಕುಂದ್ರಬಹುದು. ಸಂತಿ ದಿನ ನಾನೂ ಅಂಗಡಿಗಿ ಒಯ್ದ್ರ ನಡೀತದ. ಈ ಟೇಬಲ್ ತೆಗದ್ವಿ ಅಂದ್ರ ಬೈಕ್ ಒಳಗ ಹಚ್ಚಾಕ ಜಾಗಾ ಆಗ್ತದ."

"ನಿನ್ನ ಗಾಡಿಗಿ ಅರ್ಜ ತುಂಬಾಕ ಬರ್ತದೇನು?" ಎಂದಳು ಅತ್ತೆ, ಶೇಂಗಾ ಸುಲಿಯುತ್ತಲೇ.

ಅವನು ಕೆಟ್ಟವನಲ್ಲ. ತಾಯಿಯ ಮಣಿಕಟ್ಟು ನೋಯುತ್ತದೆಂದು ಎಣ್ಣೆ ತಂದು ತಾನೇ ತಿಕ್ಕುವವನು. ಆದರೆ ಅವನ ಮಾತಿನಲ್ಲಿದ್ದ ತಪ್ಪನ್ನು ನಾನು ಅಲ್ಲಿಯೇ ಹೇಳಿದೆ: ಹೊತ್ತೊಯ್ಯಲು ಬರುವ ವಸ್ತು ಮನೆಯ ಗಂಡಸಿನ ಕೈಗೆ ಹೋಗುತ್ತದೆ, ಮೊಬೈಲು ಹೋದ ಹಾಗೆ, ಬೈಕು ಹೋದ ಹಾಗೆ. ಮೇಜು ತೆಗೆದರೆ ಬರುವ ಹೆಂಗಸರಿಗೆ ಕುಳಿತುಕೊಳ್ಳುವ ಜಾಗವೂ ಹೋಗುತ್ತದೆ. ಅವನು ಕೈಮುಗಿದು, "ಆತವ್ವಾ, ನಿಮ್ಮ ಮಾಗಣ್ಯಾ ಏನೇನ ಅದಾವ ಹೇಳ್ರಿ" ಎಂದ.

ಬೇಡಿಕೆಗಳನ್ನು ನಾನು ಬರೆದುಕೊಂಡೇ ಬಂದಿದ್ದೆ. ನಾಲ್ಕು ಪುಟ. ಯಾವ ಯಂತ್ರವನ್ನು ಬಿಚ್ಚಿ ದುರಸ್ತಿ ಮಾಡಬಹುದು, ಯಾವುದನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಅದರೊಳಗಿನ ಲೋಹವನ್ನು ಯಾರ ನೆಲದಿಂದ ಅಗೆದಿರುತ್ತಾರೆ. ಜೋಡಿಸುವ ಹುಡುಗಿಯರು ಎಷ್ಟು ಹೊತ್ತು ನಿಂತು ಕೆಲಸ ಮಾಡುತ್ತಾರೆ. ಹಳೆಯದನ್ನು ಎಸೆದರೆ ಅದನ್ನು ಸುಟ್ಟು ತಾಮ್ರ ತೆಗೆಯುವವರು ಯಾರು. ಇವೆಲ್ಲ ಇಂದಿಗೂ ನಾನು ನಂಬುವ ಪ್ರಶ್ನೆಗಳು, ಒಂದನ್ನೂ ಹಿಂದೆಗೆದುಕೊಳ್ಳುವುದಿಲ್ಲ. ಅತ್ತೆ ಶೇಂಗಾದ ಮೊರ ಬದಿಗಿಟ್ಟು ನಾಲ್ಕೂ ಪುಟಗಳನ್ನು ಕೇಳಿದಳು. ಮುಗಿದ ಮೇಲೆ ಪುಟಗಳನ್ನು ತನ್ನ ಕೈಗೆ ತೆಗೆದುಕೊಂಡು, ಒಂದೊಂದಾಗಿ ತಿರುವಿ ನೋಡಿ ಕೇಳಿದಳು:

"ಎಲ್ಲಾ ಖರೇ ಅದ ಅವ್ವಿ. ಆದ್ರ ಇದರಾಗ ತಡವಳದ ಹೆಣಮಗಳು ಎಲ್ಲಿ ಕುಂದರ್ತಾಳ?"

ಲೋಹ ಅಗೆಯುವವನಿಂದ ಹಿಡಿದು ತಾಮ್ರ ಸುಡುವವನವರೆಗೆ ಎಲ್ಲರೂ ನನ್ನ ಪಟ್ಟಿಯಲ್ಲಿದ್ದರು. ಆ ಕಂಪ್ಯೂಟರಿನ ಎದುರಿಗೆ, ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಬಂದು ಕೂರುವವಳು ಇರಲಿಲ್ಲ.

ಮರುದಿನ ಮಾಮಾ ತನ್ನ ಕಾರಿನಲ್ಲಿ ನಮ್ಮಿಬ್ಬರನ್ನೂ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದ. ಹಳೆಯ ಪೆಟ್ಟಿಗೆಯನ್ನು ಅತ್ತೆ ಕೌದಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ತನ್ನ ಪಕ್ಕದಲ್ಲೇ ಇಟ್ಟುಕೊಂಡಳು. "ಹೊಸಾದ ತರೂದ ಬ್ಯಾರೆ. ಇದಕ್ಕ ಏನಾಗ್ಯದ ಅಂತ ಯಾರರೇ ಕೇಳಬೇಕಲ್ಲ" ಎಂದಳು.

ಕೇಳಿದವರು ಗಲ್ಲಿಯೊಂದರ ಕಿರಿದಾದ ದುರಸ್ತಿ ಅಂಗಡಿಯ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಅವರು ಪೆಟ್ಟಿಗೆಯ ತಿರುಪು ಬಿಚ್ಚಿ ಬದಿಯ ತಗಡನ್ನು ಎಳೆದರು. ಎಳೆದವರು ಹಾಗೇ ನಿಂತರು. ಒಳಗೆ ಎಲ್ಲವೂ ಹಳದಿ. ಫ್ಯಾನಿನ ಎಲೆಗಳ ಮೇಲೆ, ತಂತಿಗಳ ಸಂದಿಯಲ್ಲಿ, ಹಲಗೆಯ ಮೂಲೆಗಳಲ್ಲಿ ಬೆರಳು ಮುಳುಗುವಷ್ಟು ಅರಿಶಿಣ.

"ಯಾ ಅಲ್ಲಾ! ಅಮ್ಮಾ, ಇದೇನ್ರಿ ಇದು? ಇದಕ ಅರಿಶಿಣ ಹಚ್ಚಿ ಮದಿವಿ ಮಾಡೀರೇನು?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ತಪ್ಪು ಮಾಡಿದವಳಂತೆ ದನಿ ತಗ್ಗಿಸಿ ಹೇಳಿದಳು: "ಭಂಡಾರರಿ. ಬೀರೋಬಂದು."

ನಮ್ಮ ಜನಕ್ಕೆ ಬೀರೋಬ, ಮೈಲಾರ ಮನೆದೇವರು. ಅರಿಶಿಣದ ಪುಡಿಯೇ ಭಂಡಾರ. ಒಳ್ಳೆಯದಾದಾಗ ಅದನ್ನು ಎರಚುತ್ತಾರೆ. ಅತ್ತೆಯ ಮೇಜಿನಿಂದ ಹೋದ ಅರ್ಜಿ ಫಲಿಸಿದಾಗ, ಪಿಂಚಣಿ ಕೈಗೆ ಬಂದಾಗ, ಮಗಳಿಗೆ ಶಾಲೆಯಲ್ಲಿ ಜಾಗ ಸಿಕ್ಕಾಗ, ಆ ಹೆಂಗಸರು ಗುಡಿಯಿಂದ ಒಂದು ಹಿಡಿ ಭಂಡಾರ ತಂದು, ಚಾಂಗಭಲೋ ಎಂದು ದೇವರ ಜಯಕಾರ ಕೂಗಿ, ಕಂಪ್ಯೂಟರಿನ ತಲೆಯ ಮೇಲೆ ಎರಚಿ ಹೋಗುತ್ತಿದ್ದರು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಗೆಂದು ಸಣ್ಣ ಕಿಂಡಿಗಳಿದ್ದವು. ಹನ್ನೆರಡು ವರ್ಷ ಅದು ಉಸಿರಿನೊಂದಿಗೆ ಭಂಡಾರವನ್ನೂ ಎಳೆದುಕೊಂಡಿತ್ತು.

ಮೂಢಾಚರಣೆಯ ವಿರುದ್ಧ ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಇದನ್ನು ತಪ್ಪು ಎಂದೇ ಹೇಳುತ್ತೇನೆ: ಕಷ್ಟಪಟ್ಟು ಉಳಿಸಿಕೊಂಡ ಒಂದು ಉಪಕರಣವನ್ನು ನಮ್ಮವರೇ, ನಮ್ಮ ಮನೆಯಲ್ಲೇ, ಕೈಯಾರೆ ಉಸಿರುಗಟ್ಟಿಸಿದ್ದರು. ಆದರೆ ಚಾಚಾ ಕುಂಚದಿಂದ ಪುಡಿಯನ್ನು ಹಳೆಯ ಪತ್ರಿಕೆಯ ಮೇಲೆ ಗುಡಿಸಿ ಹಾಕುತ್ತಿದ್ದಾಗ ಅತ್ತೆ ಅದನ್ನು ನೋಡುತ್ತ ಅಂದಳು: "ತಳಗಿಂದು ಭಂಡಾರಕವಠೆ ಮುದುಕಿಂದ ಇರಬೇಕು. ಆಕಿನ ಮೊದಲ ಹಾಕಿದಾಕಿ." ಒಂದು ಕಚೇರಿಯೂ ಅತ್ತೆಗೆ ಧನ್ಯವಾದದ ಪತ್ರ ಬರೆದಿಲ್ಲ. ಫಲಿಸಿದ ಅರ್ಜಿಗಳಿಗೆ ಇದ್ದ ಪುರಾವೆ ಆ ಹಳದಿ ಗುಡ್ಡೆಯೊಂದೇ. ಚಾಚಾ ಕೂಡ ಅದನ್ನು ಕಸದ ಬುಟ್ಟಿಗೆ ಸುರಿಯಲಿಲ್ಲ. ಪತ್ರಿಕೆಯನ್ನು ಮಡಚಿ ಪೊಟ್ಟಣ ಕಟ್ಟಿ ಅತ್ತೆಯ ಕೈಯಲ್ಲಿಟ್ಟರು. "ದೇವ್ರಂದು ಅದ, ನೀವ ಇಟ್ಗೋರಿ."

ಪೆಟ್ಟಿಗೆ ಆರದೆ ನಡೆಯತೊಡಗಿತು. ಮಾಮಾನ ಮುಖ ಇಳಿಯಿತು, ಅತ್ತೆಯ ಮುಖ ಅರಳಿತು. ಆಗ ಚಾಚಾ ಕನ್ನಡಕವನ್ನು ಹಣೆಗೇರಿಸಿಕೊಂಡು ಹೇಳಿದರು:

"ಖುಶಿ ಆಗಬ್ಯಾಡ್ರಿ ಅಮ್ಮಾ. ಚಾಲೂ ಆಗ್ತದ. ಆದ್ರ ಜೂನದಿಂದ ಅರ್ಜ ತುಂಬೂ ಸೈಟ್ ಹೊಸಾದ ಮಾಡ್ತಾರ, ಅದು ಇದರಾಗ ತೆರಿಯಂಗಿಲ್ಲ. ಇಂಥಾ ಹಳೀ ಮಷಿನ್ ಒಳಗ ಬರಬಾರದು ಅಂತ ಬಾಗಲಾ ಹಾಕ್ಯಾರ. ಇದು ಸತ್ತಿಲ್ಲ, ಇದನ್ನ ಹೊರಗ ಹಾಕ್ಯಾರ."

ನಡೆಯುವ ಯಂತ್ರವನ್ನು ಹೀಗೆ ದೂರದಲ್ಲಿ ಕುಳಿತು ನಿರುಪಯೋಗಿ ಮಾಡುವುದು ವ್ಯಾಪಾರದ ಒಂದು ಕ್ರಮಬದ್ಧ ಅನ್ಯಾಯ. ನನ್ನ ಮೂರನೆಯ ಪುಟದಲ್ಲಿದ್ದದ್ದು ಅದೇ. ಅದನ್ನು ನಾನು ವಿವರಿಸಲು ಎಷ್ಟೊಂದು ಸಾಲು ಬರೆದಿದ್ದೆ. ಚಾಚಾ ಒಂದೇ ಮಾತಿನಲ್ಲಿ ಮುಗಿಸಿದರು. ತಮ್ಮಲ್ಲೇ ಯಾವುದೋ ಕಚೇರಿಯಿಂದ ಬಂದು ಸರಿಪಡಿಸಿಟ್ಟ ಪೆಟ್ಟಿಗೆಯೊಂದಿದೆ ಎಂದು ತೋರಿಸಿದರು: ಕಪ್ಪು ಬಣ್ಣ, ಒಂದು ಮೂಲೆ ನೆಗ್ಗಿತ್ತು. ಮಾಮಾ ಅದನ್ನು ಸರಿಯಾಗಿ ನೋಡಲೂ ಇಲ್ಲ. "ಮನ್ಯಾಗ ಹೊಸಾದ ಬೇಕ್ರಿ ಚಾಚಾ" ಎಂದು ನಮ್ಮನ್ನು ದೊಡ್ಡ ರಸ್ತೆಯ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ.

ಅಲ್ಲಿ ಗಾಜಿನ ಬಾಗಿಲು, ತಂಪು ಗಾಳಿ. ಮಾರಾಟದ ಯುವಕ ಒಂದು ಕಡೆಯಿಂದ ವಿವರಿಸುತ್ತ ಹೋದ, ಎಲ್ಲವನ್ನೂ ಮಾಮಾನಿಗೆ. ಹತ್ತು ನಿಮಿಷ ಅವನು ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ನಾನು ಹೇಳಿದೆ: "ಕಂಪ್ಯೂಟರ್ ನಡಸಾವ್ರು ಇವರು. ಇವರ ಜೋಡಿ ಮಾತಾಡ್ರಿ."

ಅವನು ನಾಚಿದ, ಅದು ಅವನ ದೊಡ್ಡತನ. ಆದರೆ ಆಮೇಲೆ ಅಂದದ್ದು ಇದು: "ಆಜಿ, ನಿಮಗಾದ್ರ ಟ್ಯಾಬ್ ಏಕದಂ ಛಲೋ ನೋಡ್ರಿ. ಭಜನಿ, ಕೀರ್ತನ ಎಲ್ಲಾ ಅದರಾಗ ಬರ್ತಾವ."

"ಭಜನಿ ನನಗ ಬಾಯಿಲೇ ಬರ್ತಾವ ತಮ್ಮಾ. ನೀ ಒಂದ ಮಾತ ಹೇಳು, ಇದಕ್ಕ ಎರಡು ಪಡದಾ ಹತ್ತತಾವೇನು?"

"ಮನಿಗಿ ಯಾರ ಎರಡು ಪಡದಾ ಇಟ್ಗೋತಾರ್ರಿ ಆಜಿ? ಅದೇನ ಬ್ಯಾಂಕೇನು?"

"ಬ್ಯಾಂಕಿನಾಗೂ ನಮ್ಮ ಕಡಿ ಒಂದೂ ಇರಂಗಿಲ್ಲ" ಎಂದಳು ಅತ್ತೆ. "ಇದ್ದಷ್ಟೂ ಅವರ ಕಡಿನೇ ಮಾರಿ ಮಾಡಿರ್ತಾವ."

ಸುತ್ತಲಿದ್ದ ಒಬ್ಬಿಬ್ಬರು ನಕ್ಕರು. ಯುವಕನೂ ನಕ್ಕ. ನಾನು ನಗಲಿಲ್ಲ, ಹಿಂದಿನ ದಿನ ಅವಳು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗೆ ಅರ್ಥವಾಗಿತ್ತು. ಮಾಮಾ ಬೆಳ್ಳಿಬಣ್ಣದ ಲ್ಯಾಪ್‌ಟಾಪೊಂದನ್ನು ಮೆಚ್ಚಿಕೊಂಡು ಇನ್ನೇನು ಕಟ್ಟಿಸಬೇಕು, ಅಷ್ಟರಲ್ಲಿ ಅತ್ತೆ, "ನಾಳಿ ನೋಡೂಣು ಮಗಾ" ಎಂದು ಬಾಗಿಲ ಕಡೆ ನಡೆದಳು.

ಹಿಂದಿರುಗುವ ದಾರಿಯಲ್ಲಿ ಮಾಮಾ ಸಿಟ್ಟಾಗಿದ್ದ. ಸೊಲ್ಲಾಪುರ ಹಿಂದೆ ಬಿದ್ದು ಕುಂಭಾರಿ ಹತ್ತಿರವಾಗುವವರೆಗೂ ಗಾಡಿಯನ್ನು ಜೋರಾಗಿ ಓಡಿಸಿದ. ಆಮೇಲೆ ಕೇಳಿದ:

"ಅವ್ವಾ, ಎರಡ ಪಡದಾ ಯಾಕ ಬೇಕ ನಿನಗ? ಒಂದನ್ನ ತಿರಿವಿ ತೋರಸ್ತಿಯಲ್ಲ, ಸಾಲದೇನು?"

"ತಿರಿವಿದ್ರ ನಾ ತೋರಿಸಿದಾಗಷ್ಟ ಕಾಣ್ತದ. ಬರಿಯೂ ಮುಂದ ಕಾಣಬೇಕು" ಎಂದಳು ಅತ್ತೆ. "ನಿಮ್ಮಪ್ಪ ಹೋದ ಮ್ಯಾಲ ಮನಿ ಕಾಗದದ ಸಲುವಾಗಿ ಹೋಗಿದ್ವಿ. ನೆನಪದ?"

ಅದು ಊರಿನ ಒಂದು ಖಾಸಗಿ ಅರ್ಜಿ ಕೇಂದ್ರ. ಈಗ ಅದು ಇಲ್ಲ. ಮಾವನ ಹೆಸರಿನಲ್ಲಿದ್ದ ಮನೆಗೆ ವಾರಸುದಾರರ ಹೆಸರು ಹಚ್ಚಬೇಕಾಗಿತ್ತು. ಅಲ್ಲಿ ಕುಳಿತವನು ಪ್ರಶ್ನೆಗಳನ್ನೆಲ್ಲ ಮಗನಿಗೆ ಕೇಳಿದ, ಬರೆದ. ಅತ್ತೆಗೆ ಕಂಡದ್ದು ಮಾನಿಟರಿನ ಬೆನ್ನು ಮಾತ್ರ.

"ಮುಕ್ಕಾಲ ತಾಸು ಅದರ ಬೆನ್ನ ನೋಡ್ಕೋತ ಕುಂತಿದ್ದೆ. ಧೂಳ ಹಿಡಿದಿತ್ತು. ಏನ ಬರದ್ರಿ ಅಂತ ಕೇಳಿದೆ. ಬಾಯಿ, ನಿಮಗೇನ ತಿಳೀತದ, ಸುಮ್ಮ ಕುಂದರ್ರಿ ಅಂದ. ಸಹಿ ಮಾಡ ಅಂದಲ್ಲಿ ಮಾಡಿದೆ. ಮನಿಗಿ ಬಂದ ಮ್ಯಾಲ ಕಾಗದ ಓದಿದೆ. ನಿನ್ನ ಹೆಸರ ಒಂದ ಇತ್ತು. ತಳಗ, ನಂದೇನೂ ತಕರಾರ ಇಲ್ಲ ಅಂತ ಇತ್ತು. ಅದರ ತಳಗ ನನ್ನ ಸಹಿ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ನಾ ಏಳನೇತ್ತೆ ಪಾಸಾದಾಕಿ. ಓದಾಕ ಬರ್ತಿತ್ತು ನನಗ. ತೋರಿಸಿದ್ರ ಓದತಿದ್ದೆ."

ಹನ್ನೆರಡು ವರ್ಷ ನಾನು ಅವಳ ಮೇಜನ್ನು ನೋಡಿದ್ದೆ. ಅದು ಎಲ್ಲಿಂದ ಬಂತೆಂದು ಎಂದೂ ಕೇಳಿರಲಿಲ್ಲ.

ಮಾಮಾ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು. ನಮ್ಮ ಪಕ್ಕದಲ್ಲಿ ಒಂದು ಬಸ್ಸು, ಎರಡು ಮೋಟಾರುಬೈಕು ಹಾದು ಹೋದವು.

"ಆ ದಿನಾ ಪಡದಾ ನನ್ನ ಕಡಿ ಇತ್ತವ್ವಾ" ಎಂದ. "ನಾ ಎಲ್ಲಾ ಓದಿದ್ದೆ. ಬರೋಬರ್ ಅದ ಏನು ಅಂತ ಅಂವಾ ಕೇಳಿದ. ಬರೋಬರ್ ಅದ ಅಂತ ನಾನ ಅಂದಿದ್ದೆ. ನಿನ್ನ ಹೆಸರ ಇಲ್ಲ ಅಂತ ನನಗ ಹೊಳೀಲೇ ಇಲ್ಲ."

ನನ್ನ ನಾಲಿಗೆಯ ತುದಿಯಲ್ಲಿ ಹೇಳಬೇಕಾದ್ದೆಲ್ಲ ಸಿದ್ಧವಾಗಿತ್ತು: ಹೆಂಡತಿಯನ್ನು ವಾರಸುದಾರಳೆಂದು ಕಾಣದ ರೂಢಿ, ತಾಯಿಯ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವ ಕಾಗದ. ಅವನ ಹಿಂಗತ್ತನ್ನು ನೋಡಿ ಸುಮ್ಮನಾದೆ. ತನ್ನ ತಪ್ಪನ್ನು ಅವನು ತಾನೇ ಹೆಸರಿಟ್ಟು ಹೇಳಿದ್ದ.

"ಹೊಟ್ಟಿ ಹಸದದ. ಗಾಡಿ ಯಾಕ ನಿಂದರಿಸಿದಿ?" ಎಂದಳು ಅತ್ತೆ.

"ತಿರಗಸ್ತೀನಿ" ಎಂದ. ತಿರುಗಿಸಿದ.

ಚಾಚಾ ಅಂಗಡಿಯ ಅರ್ಧ ಬಾಗಿಲು ಎಳೆದು ಊಟಕ್ಕೆ ಹೊರಟಿದ್ದರು. ನಮ್ಮನ್ನು ಕಂಡು ಮತ್ತೆ ತೆರೆದರು. ಮೂಲೆ ನೆಗ್ಗಿದ ಕಪ್ಪು ಪೆಟ್ಟಿಗೆಯ ಹಿಂಬದಿಯನ್ನು ತಿರುಗಿಸಿ, ಪರದೆ ಜೋಡಿಸುವ ಎರಡು ಕಿಂಡಿಗಳನ್ನು ಬೆರಳಿನಿಂದ ತೋರಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ, ಎರಡನ್ನೂ ಮುಟ್ಟಿ ನೋಡಿದಳು. ಆಮೇಲೆ ಪ್ರಶ್ನೆಗಳು: ಇದನ್ನು ಬಿಚ್ಚಲು ಬರುತ್ತದೆಯೆ, ಕೆಟ್ಟರೆ ಬಿಡಿಭಾಗ ಸಿಗುತ್ತದೆಯೆ, ತನ್ನ ಹಳೆಯ ಕೀಲಿಮಣೆ ಇದಕ್ಕೆ ಹತ್ತುತ್ತದೆಯೆ, ಹಳೆಯ ಮಾನಿಟರು ಎರಡನೆಯ ಪರದೆಯಾಗಿ ನಡೆಯುತ್ತದೆಯೆ. ನನ್ನ ನಾಲ್ಕು ಪುಟಗಳಲ್ಲಿ ಎರಡನ್ನಾದರೂ ಅವಳು ಅಲ್ಲಿ ನಿಂತು ಬಾಯಿಪಾಠವಾಗಿ ಕೇಳಿದಳು. ಕೇಳುವಾಗ ಒಮ್ಮೆ ನನ್ನ ಕಡೆ ನೋಡಿದಳು. ಅವಳು ನನ್ನ ಮಾತನ್ನು ಕೇಳಿಸಿಕೊಂಡಿದ್ದು ಎಷ್ಟೆಂದು ನನಗೆ ತಿಳಿದದ್ದು ಆಗ.

ಅಂಗಡಿಯಲ್ಲಿದ್ದ ಎರಡು ಪರದೆಗಳನ್ನು ಜೋಡಿಸಿ ತೋರಿಸುತ್ತ ಚಾಚಾ ಕೇಳಿದರು: "ಎರಡೂದರಾಗ ಒಂದ ಕಾಣಬೇಕೇನ್ರಿ ಅಮ್ಮಾ, ಬ್ಯಾರೆ ಬ್ಯಾರೆ ಕಾಣಬೇಕಾ?"

"ನನಗ ಕಂಡದ್ದು ಅವರಿಗೂ ಕಾಣಬೇಕು. ಒಂದ ಅಕ್ಷರ ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ."

ಹೀಗೆ ಮನೆಗೆ ಬಂದದ್ದು ಹೊಸ ಕಂಪ್ಯೂಟರಲ್ಲ, ಬೇರೊಂದು ಹಳೆಯದು. ಅತ್ತೆಯ ಕಡೆಗೆ ಚಾಚಾ ಕೊಟ್ಟ ಪರದೆ. ಮೇಜಿನ ಆಚೆ ಬದಿಗೆ, ಬಂದವರ ಕುರ್ಚಿಯ ಎದುರಿಗೆ, ಸೀರೆಯ ಅಂಚಿನಿಂದ ಕತ್ತು ಕಟ್ಟಿಸಿಕೊಂಡ ಅದೇ ಹಳೆಯ ಮಾನಿಟರು. ಇನ್ನು ಅದು ತಿರುಗಬೇಕಾಗಿಲ್ಲ. ಮೊದಲ ದಿನ ಆ ಕುರ್ಚಿಯಲ್ಲಿ ಕುಳಿತವನು ಮಾಮಾ. ಮನೆಯ ದಾಖಲೆಗೆ ತಾಯಿಯ ಹೆಸರು ಸೇರಿಸುವ ಅರ್ಜಿಯನ್ನು ಅತ್ತೆ ಈಚೆಯಿಂದ ತುಂಬಿದಳು, ಅವನು ಆಚೆಯಿಂದ ಸಾಲುಸಾಲಾಗಿ ಓದಿದ. ಕೊನೆಯಲ್ಲಿ "ಬರೋಬರ್ ಅದ ಏನು?" ಎಂದು ಅವಳು ಕೇಳಿದಾಗ ಅವನು ಮತ್ತೊಮ್ಮೆ ಮೊದಲಿನಿಂದ ಓದಿ, ಆಮೇಲೆ ತಲೆಯಾಡಿಸಿದ.

ಭಂಡಾರದ ವಿಷಯದಲ್ಲಿ ನಾನು ಒಂದು ಫಲಕ ಬರೆದು ಅಂಟಿಸಲು ಹೊರಟಿದ್ದೆ. ಅತ್ತೆ ಬೇಡವೆಂದಳು. ಬಂದ ಹೆಂಗಸರಿಗೆ ತಾನೇ ಹೇಳತೊಡಗಿದಳು: "ಮಷಿನಿಗಿ ಉಸರ ಬೇಕವ್ವಾ. ಭಂಡಾರ ನೀವ ಕುಂದ್ರೂ ಖುರ್ಚಿಗಿ ಹಾಕ್ರಿ." ಯಂತ್ರಕ್ಕೆ ಸಲ್ಲುತ್ತಿದ್ದ ಗೌರವ ಹೀಗೆ ಒಂದೇ ಮಾತಿನಿಂದ, ಅರ್ಜಿ ಹಾಕಲು ಬಂದವಳಿಗೆ ಸಲ್ಲತೊಡಗಿತು. ಚಾಚಾ ಕಟ್ಟಿಕೊಟ್ಟ ಪೊಟ್ಟಣದಿಂದ ಮೊದಲ ಚಿಟಿಕೆಯನ್ನು ಆ ಕುರ್ಚಿಯ ಕಾಲಿಗೆ ಹಚ್ಚಿದವಳು ಅವಳೇ.

ಜೂನಿನಲ್ಲಿ ಹಾಸ್ಟೆಲಿನ ಅರ್ಜಿಗಳು ತೆರೆದವು. ಆ ವಾರ ಅತ್ತೆಯ ಮಣಿಕಟ್ಟು ಬಾತಿತ್ತು; ನಾನು ರಜೆ ಹಾಕಿ ಹೋಗಿ ಅವಳ ಜಾಗದಲ್ಲಿ ಕುಳಿತೆ, ಅವಳು ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದಳು. ಬೆಳಿಗ್ಗೆಯ ಬಸ್ಸಿಗೆ ತಡವಳದ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಬಂದಿದ್ದಳು. ಕುರಿ ಸಾಕುವವರು. ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಹುಡುಗಿ ಎಂಟನೆಯ ತರಗತಿ ಓದುತ್ತಾಳೆ. ಇಲ್ಲವಾದರೆ ಮುಂದಿನ ವರ್ಷದ ಮಳೆಗಾಲದ ತನಕ ಕುರಿಯ ಹಿಂದೆ. ತಾಯಿ ಮರಾಠಿ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ್ದವಳು. ಪರದೆಯ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ನನ್ನ ಹಿಂದೆಯೇ ಬರುತ್ತಿದ್ದಳು.

ಹೊರಗೆ ಇನ್ನೂ ಐದು ಜನ ಕಾಯುತ್ತಿದ್ದರು, ನಾನು ಅವಸರದಲ್ಲಿದ್ದೆ. ಅತ್ತೆ ಕೇಳುವ ಮೊದಲೇ ಎರಡು ಅಂಕಣ ತುಂಬಿಬಿಟ್ಟೆ. ತಂದೆಯ ಉದ್ಯೋಗ: ಪಶುಪಾಲನ. ತಾಯಿಯ ಉದ್ಯೋಗ: ಗೃಹಿಣಿ.

ಆಚೆಯ ಬೆರಳು ನಿಂತಿತು.

"ಅಕ್ಕಾರ, ಇದೇನ್ರಿ? ಗೃ... ಗೃಹಿಣಿ. ಇದು ಯಾರು?"

"ನೀವರಿ" ಎಂದೆ ನಾನು.

"ಅಂವಾ ಕುರಿ ಕಾಯ್ತಾನ ಅಂತ ಬರದೀರಿ. ನಾ ಏನ ಅವನ್ನ ನೋಡ್ಕೋತ ಕುಂತಿರ್ತೀನೇನ್ರಿ?" ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. "ಮರಿ ಹಾಕೂ ಮುಂದ ಕೈ ಹಚ್ಚಾಕಿ ಯಾರು? ಹಾಲ ಕುಡಿಸಾಕಿ ಯಾರು? ಅಂವಾ ಊರಾಗ ಚಾ ಕುಡಕೋತ ಕುಂತಾಗ ಹಿಂಡಿನ ಹಿಂದ ಇರಾಕಿ ಯಾರು?"

ಮಗಳು ತಲೆ ತಗ್ಗಿಸಿ ನಗತೊಡಗಿದಳು. ಅತ್ತೆ ಜೋರಾಗಿಯೇ ನಕ್ಕಳು. "ಕೇಳಿದಿ ಏನ ಲೀಡರ್ ಬಾಯಿ?" ಎಂದಳು, ಆ ಹೆಸರನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಹೆಣ್ಣಿನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಹತ್ತು ವರ್ಷಗಳಿಂದ ಹೇಳುತ್ತ ಬಂದವಳು ನಾನು. ನನ್ನದೇ ಬೆರಳುಗಳು ಅದನ್ನು ಅಳಿಸಿದ್ದವು, ಯಾರ ಒತ್ತಾಯವೂ ಇಲ್ಲದೆ. ಒಂದೇ ಪರದೆಯಿದ್ದು ಅದು ನನ್ನ ಕಡೆಗೇ ಇದ್ದಿದ್ದರೆ, ಆ ಪದ ಹಾಗೆಯೇ ಹೋಗುತ್ತಿತ್ತು. ಪುಟದ ಕೊನೆಯಲ್ಲಿ ತಿರುಗಿಸಿ ತೋರಿಸಿದ್ದರೂ, ಮೂವತ್ತು ಸಾಲುಗಳ ನಡುವೆ ಅದು ಅವಳ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ನಾನು ತಪ್ಪಾಯಿತೆಂದು ಹೇಳಿ, ಕೀಲಿಮಣೆಯನ್ನು ಮೇಜಿನ ಮೇಲೆ ಆಚೆಗೆ ಸರಿಸಿ, ಅಳಿಸುವ ಕೀಲಿ ಯಾವುದೆಂದು ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಅಳಿಸಿದಳು. ಅತ್ತೆ ಕೆಂಪು ಉಗುರುಬಣ್ಣದ ಕೀಲಿಗಳನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸಿದಳು, ಮಗಳು ಒತ್ತಿದಳು. ಎರಡೂ ಪರದೆಗಳ ಮೇಲೆ ತಾಯಿಯ ಎದುರಿಗೂ ಪಶುಪಾಲನ ಎಂದು ಮೂಡಿತು.

ಅರ್ಜಿ ಕಳಿಸುವ ಗುಂಡಿಗೆ ನಾನು ಕೈ ಚಾಚಿದೆ.

"ನಿಂದರ್ರಿ" ಎಂದಳು ಅವಳು. "ಇನ್ನೊಂದ ಸಲ ಮ್ಯಾಲಿಂದ ಓದತೀನಿ."

ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬಳು ಬಾಗಿಲಲ್ಲಿ ಇಣುಕಿ, ಇನ್ನೂ ಎಷ್ಟು ಹೊತ್ತೆಂದು ಕೇಳಿದಳು. ಆಕೆ ಓದುತ್ತಿದ್ದಾಳೆ ಎಂದಳು ಅತ್ತೆ. ಬೆರಳು ಮೊದಲ ಸಾಲಿಗೆ ಹೋಯಿತು, ಮಗಳ ಹೆಸರಿನ ಮೇಲೆ ನಿಂತಿತು, ನಿಧಾನವಾಗಿ ಕೆಳಗಿಳಿಯತೊಡಗಿತು. ನಾವು ಕಾದೆವು.